ತೋಪಿನಿಂದ ಉದ್ಯಾನಕ್ಕೆ

ನಮ್ಮ ಪ್ರಾಚೀನ ಮಹಾಕಾವ್ಯಗಳಿಗೆ ವಿಧಿಸಿದ್ದ ಹದಿನೆಂಟು ವರ್ಣನೆಗಳಲ್ಲಿ ವನವಿಹಾರವೂ ಒಂದು. ಕಾವ್ಯದ ಉದ್ಯಾನಕ್ಕೆ ಹೋಗುವವರು ರಾಜರಾಣಿಯರು ಮತ್ತು ಅವರ ಪರಿವಾರ. ಹೂ ಕೊಯ್ಯುವುದು, ನೀರಾಟವಾಡುವುದು ಅಲ್ಲಿಯ ವಿನೋದ. ಊರಿನ ಸಾಮಾನ್ಯನಿಗೆ ಅಲ್ಲಿ ಪ್ರವೇಶವಿದ್ದಂತೆ ತೋರದು. ಅವನಿಗಿದ್ದುದು ಊರಾಚೆಯ ಗುಂಡುತೋಪು. ಮಾವು, ಹುಣಿಸೆ, ಹೊಂಗೆಗಳ ನೆರಳಿನಲ್ಲಿ ದಾರಿಹೋಕನು ಬುತ್ತಿ ಬಿಚ್ಚುತ್ತಿದ್ದನು, ಗಾಡಿಯವನು ಎತ್ತುಗಳನ್ನು ಬಿಟ್ಟು ದಣಿವಾರಿಸಿಕೊಳ್ಳುತ್ತಿದ್ದನು. ಜಾತಿಯ ಕಟ್ಟುಪಾಡು ಅಲ್ಲಿಗೆ ಕಾಲಿಟ್ಟಿರಲಿಲ್ಲವೆಂದು ನಾನು ಹೇಳಲಾರೆ. ಆದರೆ ತೋಪಿಗೆ ಬಾಗಿಲಿರಲಿಲ್ಲ, ಹೊತ್ತುಗೊತ್ತಿನ ನಿಬಂಧನೆಯೂ ಇರಲಿಲ್ಲ. ಇಂದಿನ ನಗರದ ಉದ್ಯಾನ ಈ ಎರಡು ವಂಶಗಳಿಗೂ ಸೇರಿದ ಕೂಸು. ಯಾವ ವಂಶದ ಗುಣ ಅದರಲ್ಲಿ ಹೆಚ್ಚು ಎಂಬುದನ್ನು ಬೆಂಗಳೂರಿನ ಚರಿತ್ರೆಯಿಂದ ಸ್ವಲ್ಪಮಟ್ಟಿಗೆ ತಿಳಿಯಬಹುದು.

ಲಾಲ್‌ಬಾಗನ್ನು 1760ರಲ್ಲಿ ಹೈದರಾಲಿ ಆರಂಭಿಸಿದನು. ಟಿಪ್ಪು ಅದನ್ನು ಬೆಳೆಸಿದನು. ಅದು ಕಾವ್ಯದ ವಂಶಕ್ಕೆ ಸೇರಿದ ಅರಸರ ತೋಟ. 1856ರಲ್ಲಿ ಅದು ಸರಕಾರಿ ಸಸ್ಯೋದ್ಯಾನವಾಯಿತು. 1889ರಲ್ಲಿ ಅಸ್ತಿಭಾರ ಹಾಕಿದ ಗಾಜಿನ ಮನೆಯಲ್ಲಿ ಫಲಪುಷ್ಪ ಪ್ರದರ್ಶನಗಳು ನಡೆಯತೊಡಗಿದ ಮೇಲೆ ಜನ ಸಂಸಾರಸಮೇತರಾಗಿ ಬರಲಾರಂಭಿಸಿದರು. ಕಬ್ಬನ್ ಪಾರ್ಕು 1870ರದು. ಅದನ್ನು ರೂಪಿಸಿದವರು ರಿಚರ್ಡ್ ಸ್ಯಾಂಕಿ. ಒಂದು ಕಡೆ ಕನ್ನಡದ ಪೇಟೆ, ಇನ್ನೊಂದು ಕಡೆ ಬ್ರಿಟಿಷರ ದಂಡು. ನಡುವೆ ಈ ಹಸುರು. ಎರಡು ಊರುಗಳನ್ನು ದೂರವಿಟ್ಟದ್ದೂ ಅದೇ, ಸಂಜೆಯ ಗಾಳಿಗೆ ಎರಡೂ ಕಡೆಯವರನ್ನು ಕರೆದದ್ದೂ ಅದೇ.

ಇವೆರಡೂ ಊರಿಗೆಲ್ಲ ಒಂದಾದ ದೊಡ್ಡ ತೋಟಗಳು. ಮನೆಯ ಹತ್ತಿರದ ಸಣ್ಣ ಉದ್ಯಾನಕ್ಕೆ ಬೇರೆಯೇ ಹಿನ್ನೆಲೆಯುಂಟು. 1898ರಲ್ಲಿ ಬೆಂಗಳೂರಿಗೆ ಪ್ಲೇಗು ಬಂದಿತು. ಪೇಟೆಯ ಇಕ್ಕಟ್ಟಾದ ಬೀದಿಗಳಲ್ಲಿ ಸಾವು ಮನೆಯಿಂದ ಮನೆಗೆ ನಡೆಯಿತು. ಆ ಭಯದ ಬೆನ್ನಲ್ಲೇ ಮಲ್ಲೇಶ್ವರ, ಬಸವನಗುಡಿಗಳು ಅಗಲವಾದ ಬೀದಿಗಳೊಡನೆ ಬೆಳೆದವು. ಗಾಳಿ ಬೆಳಕು ಆರೋಗ್ಯಕ್ಕೆ ಬೇಕೆಂಬ ತಿಳಿವಳಿಕೆ ಬಡಾವಣೆಯ ನಕ್ಷೆಯನ್ನು ತಿದ್ದಿತು. ಮುಂದಿನ ಬಡಾವಣೆಗಳ ನಕ್ಷೆಗಳಲ್ಲಿ ಉದ್ಯಾನಕ್ಕೆಂದೇ ಜಾಗ ಬಿಡುವುದು ವಾಡಿಕೆಯಾಯಿತು.

ನಕ್ಷೆಯಲ್ಲಿ ಬಿಟ್ಟ ಜಾಗ ನೆಲದಲ್ಲಿ ಉಳಿಯುವುದೆಂಬ ಭರವಸೆಯೇನು? ಧರ್ಮಾಂಬುಧಿ ಕೆರೆಯಿದ್ದ ಜಾಗದಲ್ಲಿ ಇಂದು ಬಸ್ಸುಗಳು ನಿಲ್ಲುತ್ತವೆ. ಸಂಪಂಗಿ ಕೆರೆಯ ಬಹುಭಾಗ ಕ್ರೀಡಾಂಗಣವಾಗಿದೆ. ಬರಿದಾಗಿ ಕಂಡ ಜಾಗಕ್ಕೆ ನಗರ ಬೇಗ ಕೈಹಾಕುತ್ತದೆ. ಕಬ್ಬನ್ ಪಾರ್ಕ್, ಲಾಲ್‌ಬಾಗ್‌ಗಳ ರಕ್ಷಣೆಗೆ 1975ರಲ್ಲಿ ಕಾನೂನಾಯಿತು. ಊರೂರಿನ ಉದ್ಯಾನ, ಆಟದ ಬಯಲುಗಳಿಗಾಗಿ 1985ರಲ್ಲಿ ಇನ್ನೊಂದು ಬಂದಿತು. ರಾಜಮಹಲ್ ವಿಲಾಸ ಬಡಾವಣೆಯಲ್ಲಿ ಉದ್ಯಾನಕ್ಕೆಂದು ಬಿಟ್ಟಿದ್ದ ಜಾಗ ಖಾಸಗಿ ಆಸ್ಪತ್ರೆಯೊಂದಕ್ಕೆ ಮಂಜೂರಾಗಿತ್ತು. ನೆರೆಹೊರೆಯವರು ನ್ಯಾಯಾಲಯದ ಮೆಟ್ಟಿಲೇರಿದರು. ಮೊದಲು ಸೋತರು, ಮೇಲಿನ ಪೀಠದಲ್ಲಿ ಗೆದ್ದರು. 1991ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಗೆಲುವನ್ನು ಎತ್ತಿಹಿಡಿಯಿತು. ಉದ್ಯಾನ ಎಲ್ಲರದು, ಅದನ್ನು ಖಾಸಗಿಯವರಿಗೆ ಕೊಡಲಾಗದು. ಅದಕ್ಕೆ ಧಕ್ಕೆ ಬಂದಾಗ ಪ್ರಶ್ನಿಸುವ ಹಕ್ಕು ಅಕ್ಕಪಕ್ಕದ ನಿವಾಸಿಗಳಿಗೆ ಉಂಟು ಎಂಬುದು ಆ ತೀರ್ಪಿನ ಸಾರ. ಭಾರತದ ಬೇರೆ ನಗರಗಳವರೂ ಇಂದು ಈ ತೀರ್ಪನ್ನು ಆಧಾರವಾಗಿ ಹಿಡಿಯುತ್ತಾರೆ.

ಈ ಹಕ್ಕನ್ನು ನಾವು ಹೇಗೆ ಬಳಸಿಕೊಂಡೆವು? ಇಲ್ಲಿ ನನ್ನದೊಂದು ತಪ್ಪನ್ನು ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯ ಉದ್ಯಾನಕ್ಕೆ ಮಧ್ಯಾಹ್ನ ಬೀಗ ಹಾಕಿಸಬೇಕೆಂದು ಒಂದು ಮನವಿ ತಯಾರಾಯಿತು. ಹೊರಗಿನವರು ಬಂದು ಮಲಗುತ್ತಾರೆ, ಪೋಲಿ ಹುಡುಗರು ಸೇರುತ್ತಾರೆ ಎಂಬುದು ಕಾರಣ. ನಾನೂ ರುಜು ಹಾಕಿದೆ. ಬೀಗ ಬಿತ್ತು. ಮುಂಜಾನೆ ಸುತ್ತು ಹಾಕುವ ನಮ್ಮಂಥವರಿಗೆ ಅದರಿಂದ ಯಾವ ನಷ್ಟವೂ ಆಗಲಿಲ್ಲ.

ಒಂದು ಚೈತ್ರಮಾಸದ ಮಧ್ಯಾಹ್ನ ಬ್ಯಾಂಕಿನಿಂದ ಬರುತ್ತಿದ್ದೆ. ಉದ್ಯಾನದ ಹೊಂಗೆಯ ಕೊಂಬೆ ಬೇಲಿ ದಾಟಿ ಬೀದಿಗೆ ಚಾಚಿತ್ತು. ಅದರ ನೆರಳಿನಲ್ಲಿ, ಚರಂಡಿಯ ಕಲ್ಲಿನ ಮೇಲೆ, ನಮ್ಮ ಬೀದಿಗೆ ಹೂ ಮಾರುವ ಹೆಂಗಸು ಬುತ್ತಿ ಬಿಚ್ಚಿ ಕುಳಿತಿದ್ದಳು. "ಇಲ್ಲೇಕಮ್ಮಾ ಕೂತೆ?" ಎಂದೆ. "ಒಳಗೆ ಬೀಗ ಹಾಕವ್ರೆ ಸ್ವಾಮಿ, ಮೊದಲು ಅಲ್ಲೇ ಉಣ್ತಿದ್ದೆ" ಎಂದಳು. ಹಾಕಿಸಿದವರು ಯಾರೆಂದು ಅವಳು ಕೇಳಲಿಲ್ಲ, ನಾನೂ ಹೇಳಲಿಲ್ಲ. ಮನೆಗೆ ಬಂದು ಊಟಕ್ಕೆ ಕುಳಿತರೂ ಆ ಚರಂಡಿಯ ಕಲ್ಲು ಕಣ್ಣ ಮುಂದಿತ್ತು.

ತೋಪು ಯಾರಿಗೆ ಬೇಕಾಗಿತ್ತೋ ಅವರನ್ನೇ ನಾವು ಹೊರಗಿಟ್ಟಿದ್ದೆವು. ಸ್ವಂತ ಅಂಗಳವಿಲ್ಲದವರು, ಬಿಸಿಲಿನಲ್ಲಿ ದುಡಿಯುವವರು, ಚೆಂಡಾಡಲು ಬೀದಿಯೂ ಸಿಕ್ಕದ ಮಕ್ಕಳು ಬಾರದಿದ್ದರೆ ಉದ್ಯಾನ ಹಗಲೆಲ್ಲ ಬರಿದಾಗುತ್ತದೆ. ಬರಿದಾದ ಜಾಗಕ್ಕೆ ಹೆಂಗಸರೂ ಮುದುಕರೂ ಹೆದರಿ ಬರುವುದಿಲ್ಲ. ಆ ಹೆದರಿಕೆಯೇ ಮತ್ತೊಂದು ಬೀಗಕ್ಕೆ ಕಾರಣವಾಗುತ್ತದೆ. ನಾಳೆ ಯಾರಾದರೂ ಆ ಜಾಗವನ್ನು ಕೇಳಿಕೊಂಡು ಬಂದರೆ, ಬೇಡವೆನ್ನಲು ಮುಂಜಾನೆ ಸುತ್ತುವ ನಾಲ್ಕು ಮಂದಿ ವೃದ್ಧರಷ್ಟೇ ಸಾಕಾಗುವರೆ?

ಬೆಂಗಳೂರಿನ ಉದ್ಯಾನಗಳನ್ನು ಬೆಳಗಿನ 5ರಿಂದ ರಾತ್ರಿ 10ರವರೆಗೆ ತೆರೆದಿಡಬೇಕೆಂದು 2024ರಲ್ಲಿ ಆಡಳಿತ ನಿರ್ಧರಿಸಿತು. ಒಳ್ಳೆಯದೇ. ಆದರೆ ಆಜ್ಞೆಯಿಂದ ತೆರೆದ ಬಾಗಿಲನ್ನು ಇನ್ನೊಂದು ಮನವಿ ಮುಚ್ಚಿಸಬಲ್ಲುದು. ಅಂಥದೊಂದು ಕಾಗದ ಮತ್ತೆ ನನ್ನ ಮನೆ ಬಾಗಿಲಿಗೆ ಬಂದರೆ ರುಜು ಹಾಕಲಾರೆ. ಏಕೆಂದು ಕೇಳಿದವರನ್ನು ಮಧ್ಯಾಹ್ನದ ಹೊತ್ತು ಆ ಹೊಂಗೆಯ ಬಳಿಗೆ ಕರೆದುಕೊಂಡು ಹೋಗುವೆನು.

(ಬಾನುಲಿ ಭಾಷಣ)