ಒಂದೇ ನದಿಯ ನೆರೆಹೊರೆ

ಬೀದರ ನಗರವು ಕೆಂಪು ಕಲ್ಲಿನ ಒಂದು ವಿಶಾಲವಾದ ಹಾಸಿನ ಮೇಲೆ ಕುಳಿತಿದೆ. ಜಂಬಿಟ್ಟಿಗೆಯೆಂದು ಕರೆಯುವ ಈ ಕಲ್ಲು ತೂತುತೂತಾದುದು. ಬಿದ್ದ ಮಳೆಯನ್ನು ಹೀರಿ ಕೆಳಕ್ಕಿಳಿಸುತ್ತದೆ. ಅದರ ಅಡಿಯ ಕರಿಕಲ್ಲು ನೀರನ್ನು ಬಿಟ್ಟುಕೊಡದು. ಎರಡೂ ಕೂಡುವ ಮಟ್ಟದಲ್ಲಿ ನೀರು ತಡೆದು ನಿಂತು, ದಿಬ್ಬದ ಅಂಚಿನಲ್ಲಿ ಝರಿಯಾಗಿ ಹೊರಡುತ್ತದೆ. ಸಿಖ್ಖರು ನಾನಕ ಝರಾದಲ್ಲಿಯೂ ವೈಷ್ಣವರು ಝರಣಿ ನರಸಿಂಹನ ಗುಹೆಯಲ್ಲಿಯೂ ಪೂಜ್ಯವೆಂದು ತಿಳಿದಿರುವುದು ಇದೇ ನೆಲದ ನೀರನ್ನು.

ಹದಿನೈದನೆಯ ಶತಮಾನದಲ್ಲಿ ಬಹಮನಿ ಸುಲ್ತಾನ ಅಹಮದ ಶಹಾ ಕಲಬುರ್ಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದನು. ಇರಾನಿನೊಡನೆ ಆ ಆಸ್ಥಾನಕ್ಕಿದ್ದ ಸಂಬಂಧ ಸರ್ವವಿದಿತ. ಅಲ್ಲಿಯ ಕಾರೇಜು ವಿದ್ಯೆಯೂ ಇಲ್ಲಿ ನೆಲೆಗೊಂಡಿತು. ಮೂಲಬಾವಿಯೊಂದನ್ನು ತೋಡಿ, ಅಲ್ಲಿಂದ ಅತ್ಯಲ್ಪ ಇಳಿಜಾರಿನ ಸುರಂಗವನ್ನು ಕೊರೆದು, ನಡುನಡುವೆ ಗಾಳಿಕಿಂಡಿಗಳನ್ನು ತೆಗೆದರೆ ರಾಟೆಯಿಲ್ಲ, ಎತ್ತಿಲ್ಲ, ನೀರು ತಾನಾಗಿ ಊರಿಗೆ ನಡೆದುಬರುತ್ತದೆ. ನೌಬಾದಿನ ಕಾರೇಜಿಗೆ ಇಂಥ 21 ಕಿಂಡಿಗಳಿವೆ. ಕಾಸರಗೋಡಿನ ಕಡೆಯೂ ಜಂಬಿಟ್ಟಿಗೆಯಲ್ಲಿ ಸುರಂಗ ಕೊರೆಯುವುದುಂಟು. ಆದರೆ ಅದು ಬಹುಮಟ್ಟಿಗೆ ಒಂದು ಮನೆತನದ ಸೊತ್ತು, ಇದು ಊರಿನದು. ಬಹುಕಾಲ ಹೂಳು ತುಂಬಿ ಮರೆತುಹೋಗಿದ್ದ ನೌಬಾದಿನ ಸುರಂಗವನ್ನು 2015ರ ಸುಮಾರಿಗೆ ಶುಚಿಗೊಳಿಸಲಾಯಿತು.

ಶ್ರೋತೃಗಳೇ, ದಿಬ್ಬದ ನೀರಿನ ಕಥೆ ಇಷ್ಟು. ಕೆಳಗೆ ಹರಿಯುವ ಮಾಂಜ್ರಾ ನದಿಯ ಕಥೆ ಬೇರೆ. ಬಾಲಾಘಾಟದ ಬೆಟ್ಟಗಳಲ್ಲಿ ಹುಟ್ಟಿ, ಗೋದಾವರಿಯನ್ನು ಸೇರುವ ಈ ನದಿಯ ದಕ್ಷಿಣಕ್ಕೆ ಬೀದರ, ಭಾಲ್ಕಿಗಳು, ಉತ್ತರಕ್ಕೆ ಔರಾದ. ಹೈದರಾಬಾದ ಸಂಸ್ಥಾನದಲ್ಲಿ ಉದಗೀರ, ನಿಲಂಗಾ, ಜಹೀರಾಬಾದ, ನಾರಾಯಣಖೇಡಗಳೂ ಬೀದರ ಜಿಲ್ಲೆಯವೇ ಆಗಿದ್ದವು. 1956ರಲ್ಲಿ ಭಾಷೆಯ ಮೇರೆಗೆ ಜಿಲ್ಲೆ ಮೂರು ಪಾಲಾಯಿತು. ಕನ್ನಡಿಗನಾಗಿ ನಾನು ಆ ವಿಭಜನೆಯನ್ನು ಸ್ವಾಗತಿಸುವವನೇ. ಆದರೂ ಒಂದು ಮಾತನ್ನು ಹೇಳಲೇಬೇಕು: ನದಿಗೆ ಭಾಷೆಯಿಲ್ಲ. ಒಂದೇ ಕಚೇರಿಗೆ ಅರ್ಜಿ ಕೊಡುತ್ತಿದ್ದ ನೆರೆಯವರು ಅಂದಿನಿಂದ ಬೇರೆ ಬೇರೆ ರಾಜ್ಯಗಳ ಕಕ್ಷಿಗಾರರಾದರು. 1975ರಲ್ಲಿ ರಾಜ್ಯಗಳು ಒಪ್ಪಂದ ಮಾಡಿಕೊಂಡವು. 1980ರಲ್ಲಿ ಬಚಾವತ್ ನ್ಯಾಯಮಂಡಳಿ ತೀರ್ಪಿತ್ತಿತು. ಸಿಂಗೂರಿನಿಂದ ಹೈದರಾಬಾದ ನಗರದ ಕುಡಿಯುವ ನೀರಿಗೆ 4 ಟಿ.ಎಂ.ಸಿ. ಗೊತ್ತಾಯಿತು. ನಮ್ಮ ಪಾಲಿಗೆ ಮುಖ್ಯವಾಗಿ ಉಪನದಿ ಕಾರಂಜಾ ಬಂತು.

ಭಾಲ್ಕಿ ತಾಲೂಕಿನ ಬ್ಯಾಲಹಳ್ಳಿಯ ಬಳಿ ಕಟ್ಟಿದ ಕಾರಂಜಾ ಜಲಾಶಯ ನೀರಾವರಿಗೆಂದು ಹುಟ್ಟಿದ್ದು. ಇಂದು ಬೀದರ, ಭಾಲ್ಕಿ, ಹುಮನಾಬಾದಗಳ ಬಾಯಾರಿಕೆಯೂ ಅದರ ಮೇಲೆಯೇ ಬಿದ್ದಿದೆ. ಬೀದರಿಗಂತೂ ಅದನ್ನು ಯಂತ್ರಗಳಿಂದ ಮೇಲೆತ್ತಬೇಕು. ಮಳೆ ಕೈಕೊಟ್ಟ ವರ್ಷ ಎಲ್ಲ ಊರುಗಳೂ ಒಟ್ಟಿಗೇ ಬರಿದಾಗುವ ಅಪಾಯ ಇಲ್ಲಿದೆ. ಇದೇ ಮಾಂಜ್ರಾದ ಮೇಲುಭಾಗದಲ್ಲಿರುವ ಲಾತೂರಿಗೆ 2016ರ ಏಪ್ರಿಲಿನಲ್ಲಿ ಮೀರಜದಿಂದ ರೈಲಿನಲ್ಲಿ ನೀರು ತರಬೇಕಾಯಿತೆಂಬುದು ಎಲ್ಲರಿಗೂ ನೆನಪಿದೆ.

ಆದ್ದರಿಂದ ಬೀದರು ತನ್ನ ಸುರಂಗಬಾವಿಗಳನ್ನು ಪ್ರವಾಸಿಗರ ವಿನೋದಕ್ಕಾಗಿ ಮಾತ್ರ ಉಳಿಸಿಕೊಂಡರೆ ಸಾಲದೆಂದು ನನ್ನ ಮತ. ದಿಬ್ಬದ ಮೇಲೆ ಎಷ್ಟು ಕೊಡ ತುಂಬಿಕೊಳ್ಳುವುದೋ ಅಷ್ಟು ಕೊಡ ಕಾರಂಜಾದಲ್ಲಿ ಭಾಲ್ಕಿಗೆ ಮಿಗುತ್ತದೆ. ನದಿಯಾಚೆಯ ಔರಾದಿಗೆ ಕೊಳವೆ ಹಾಯಿಸುವುದಾದರೆ ಜಲಾಶಯ ಯಾವ ಮಟ್ಟಕ್ಕಿಳಿದಾಗ ಯಾವ ಊರು ಎಷ್ಟು ಬಿಡಬೇಕು, ನೀರೆತ್ತುವ ವಿದ್ಯುತ್ತಿನ ಖರ್ಚನ್ನು ಯಾರು ಕೊಡಬೇಕು ಎಂಬುದನ್ನು, ರಾಜ್ಯಗಳು 1975ರಲ್ಲಿ ಮಾಡಿದಂತೆ, ಈ ಊರುಗಳೂ ಮಳೆ ಚೆನ್ನಾಗಿ ಆದ ವರ್ಷದಲ್ಲಿಯೇ ಕುಳಿತು ಬರೆದಿಟ್ಟುಕೊಳ್ಳಬೇಕು.