ಬೊಳ್ಳ ಬರುವ ಮೊದಲು ಯಾರನ್ನು ಕೇಳಬೇಕು?

ನಮ್ಮ ಕಡೆಯ ಹಿರಿಯರು ಪ್ರಾಯ ಹೇಳುವಾಗ ಇಸವಿ ಹೇಳುತ್ತಿರಲಿಲ್ಲ. ದೊಡ್ಡ ಬೊಳ್ಳದ ವರ್ಷ ತೊಟ್ಟಿಲಲ್ಲಿದ್ದೆ ಎನ್ನುತ್ತಿದ್ದರು. ದೊಡ್ಡ ಬೊಳ್ಳ ಎಂದರೆ ನಾವು ಮದ್ರಾಸು ಆಡಳಿತದ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ ಇದ್ದಾಗ ಬಂದ 1923ರ ನೆರೆ. ಮರುವರ್ಷ, 1924ರ ಜುಲೈಯಲ್ಲಿ, ಮಲಬಾರು, ಕೊಚ್ಚಿ, ತಿರುವಾಂಕೂರಿನ ಕಡೆ ನೆರೆ ಬಂತು. ಅದು ಕೊಲ್ಲವರ್ಷ 1099 ಆದ್ದರಿಂದ ಮಲಯಾಳಿಗಳು ಈಗಲೂ ಅದನ್ನು 'ತೊಂಬತ್ತೊಂಬತ್ತರ ನೆರೆ' ಎಂದೇ ಕರೆಯುತ್ತಾರೆ.

ನೀರು ಯಾವ ಮೆಟ್ಟಿಲಿನವರೆಗೆ ಏರಿತ್ತು, ಯಾವ ಗುಡ್ಡೆ ಜರಿಯುವ ಗುಡ್ಡೆ, ಹೊಳೆ ಯಾವ ಬಣ್ಣಕ್ಕೆ ತಿರುಗಿದರೆ ಹಟ್ಟಿಯ ದನ ಬಿಚ್ಚಬೇಕು ಎಂಬುದೆಲ್ಲ ಆ ಹಿರಿಯರಿಗೆ ಗೊತ್ತಿತ್ತು. ಆದರೆ ಹಾಗೆ ಗೊತ್ತಿದ್ದದ್ದು ಸರಕಾರಕ್ಕೆ ಮುಟ್ಟುವ ದಾರಿ ಯಾವುದಿತ್ತು? ಆಪತ್ತು ಬರುವ ಮೊದಲು ಸರಕಾರ ಯಾರನ್ನು ಕೂರಿಸಿ ಸಲಹೆ ಕೇಳುತ್ತದೆ? ಈ ಲೇಖನ ಆ ದಾರಿಯ ಚರಿತ್ರೆ.

ಬ್ರಿಟಿಷರ ಕಾಲದಿಂದ ಸುರು ಮಾಡುವ. 1876ರಿಂದ 1878ರವರೆಗೆ ದಕ್ಷಿಣ ಭಾರತದಲ್ಲಿ ಭೀಕರ ಬರಗಾಲ ಬಂದು ಲಕ್ಷಗಟ್ಟಲೆ ಜನ ಸತ್ತರು. ಅದರ ನಂತರ ಸರಕಾರ ಒಂದು ಆಯೋಗ ನೇಮಿಸಿತು. ಆಯೋಗ 1880ರಲ್ಲಿ ವರದಿ ಕೊಟ್ಟಿತು. ಆ ವರದಿಯ ಆಧಾರದಲ್ಲಿ ಪ್ರಾಂತಗಳಲ್ಲಿ 'ಕ್ಷಾಮ ಸಂಹಿತೆ'ಗಳು ಬಂದವು. ಯಾವ ಲಕ್ಷಣ ಕಂಡರೆ ಬರ ಎಂದು ತಿಳಿಯಬೇಕು, ಕೂಲಿ ಕೆಲಸ ಯಾವಾಗ ಆರಂಭಿಸಬೇಕು, ಗಂಜಿ ಯಾರಿಗೆ ಕೊಡಬೇಕು ಎಂಬುದನ್ನು ಅವುಗಳಲ್ಲಿ ಬರೆದಿಟ್ಟರು. ಆ ಕಾಲಕ್ಕೆ ಇದು ದೊಡ್ಡ ಹೆಜ್ಜೆಯೇ. ಆದರೆ ಸಲಹೆ ಕೊಟ್ಟವರೆಲ್ಲ ಮೇಲಿನವರು, ಅದೂ ಜನ ಸತ್ತ ನಂತರ. ಊರಿನ ಪಟೇಲರು, ಶ್ಯಾನುಭೋಗರು ಮೇಲಿನವರು ಕೇಳಿದ ಲೆಕ್ಕ ಕೊಡುವವರೇ ಹೊರತು ಸಲಹೆ ಕೊಡುವವರಾಗಿರಲಿಲ್ಲ.

ಸ್ವಾತಂತ್ರ್ಯ ಬಂತು. 1956ರ ನವೆಂಬರ್ 1ರಂದು ನಾವು ಕೇರಳಕ್ಕೆ ಸೇರಿದೆವು. 1984ರಲ್ಲಿ ಕಾಸರಗೋಡು ಜಿಲ್ಲೆಯಾಯಿತು. ಆಪತ್ತಿನ ಕೆಲಸ ಮಾತ್ರ ಮೊದಲಿನಂತೆಯೇ ಕಂದಾಯ ಇಲಾಖೆಯ ಪರಿಹಾರದ ಕೆಲಸವಾಗಿ ಉಳಿಯಿತು. ನೆರೆ ಇಳಿದ ಮೇಲೆ ವಿಲ್ಲೇಜ್ ಆಫೀಸಿನಿಂದ ಜನ ಬಂದು, ಬಿದ್ದ ಮನೆ, ಮುರಿದ ಅಡಿಕೆ ಮರ ಲೆಕ್ಕ ಮಾಡಿ ಹೋಗುವುದು. ನೆರೆಗಿಂತ ಮೊದಲು ಬಂದು ಕೇಳುವ ಕ್ರಮ ಇರಲಿಲ್ಲ.

ಹೀಗೆ ಕೇಳದೆ ಹೋದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯಲ್ಲೇ ದೊಡ್ಡ ಪಾಠ ಇದೆ. 1970ರ ದಶಕದ ಕೊನೆಯಿಂದ 2000ದವರೆಗೆ ಸರಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದರು. ಊನ ಇರುವ ಕರುಗಳು ಹುಟ್ಟುವುದನ್ನು ಕಂಡು ಪತ್ರಕರ್ತ ಶ್ರೀಪಡ್ರೆಯವರು ಆರಂಭದಲ್ಲೇ ಬರೆದರು. ವಾಣಿನಗರದ ಡಾಕ್ಟರು ವೈ. ಎಸ್. ಮೋಹನಕುಮಾರರು ತಮ್ಮಲ್ಲಿಗೆ ಬರುವ ರೋಗಿಗಳಲ್ಲಿ ಅಸಹಜವಾದದ್ದು ಕಂಡು ಎಚ್ಚರಿಸಿದರು. ಪೆರಿಯದ ಲೀಲಾಕುಮಾರಿ ಅಮ್ಮ ಕೋರ್ಟಿನ ಮೆಟ್ಟಿಲು ಹತ್ತಿದರು. ಇವರು ಯಾರೂ ಯಾವ ಸಲಹಾ ಸಮಿತಿಯ ಸದಸ್ಯರೂ ಅಲ್ಲ. ಮನೆ ಹತ್ತಿರದ ತೋಟ, ಹಟ್ಟಿ, ಕ್ಲಿನಿಕ್ಕು ನೋಡಿ ಹೇಳಿದವರು.

ಸಮಿತಿಗಳು ಬಂದದ್ದು ಆಮೇಲೆ, ಒಂದರ ಹಿಂದೆ ಒಂದು. ಕೇರಳ ಸರಕಾರ ಅಚ್ಯುತನ್ ಸಮಿತಿ ನೇಮಿಸಿತು. ಅಹಮದಾಬಾದಿನ ರಾಷ್ಟ್ರೀಯ ವೃತ್ತಿ ಆರೋಗ್ಯ ಸಂಸ್ಥೆಯವರು ಎಣ್ಮಕಜೆಯ ಪಡ್ರೆಯ ಮಕ್ಕಳನ್ನೂ, ಹೋಲಿಕೆಗಾಗಿ ಮೀಂಜದ ಮಕ್ಕಳನ್ನೂ ಪರೀಕ್ಷಿಸಿ, ಪಡ್ರೆಯ ಮಕ್ಕಳಲ್ಲಿ ತೊಂದರೆ ಹೆಚ್ಚು ಎಂದು ವರದಿ ಕೊಟ್ಟರು. ಕೇಂದ್ರದ ದುಬೆ ಸಮಿತಿ, ಮಾಯಿ ಸಮಿತಿಗಳು ರೋಗಕ್ಕೂ ಕೀಟನಾಶಕಕ್ಕೂ ಸಂಬಂಧ ಸಾಬೀತಾಗಿಲ್ಲ ಎಂಬ ಕಡೆಗೆ ವಾಲಿದವು. ಒಂದು ಸಮಿತಿ ಹೌದು ಎಂದರೆ ಇನ್ನೊಂದು ಅಲ್ಲ ಎಂದಿತು, ವರ್ಷಗಳು ಹೋದವು. ಸುಪ್ರೀಂ ಕೋರ್ಟು ದೇಶದಲ್ಲೇ ಎಂಡೋಸಲ್ಫಾನ್ ತಡೆದದ್ದು 2011ರ ಮೇ 13ರಂದು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಅದೇ ಕೋರ್ಟು ಹೇಳಿದ್ದು 2017ರ ಜನವರಿಯಲ್ಲಿ. ಆಪತ್ತಿನ ನಂತರ ನೇಮಿಸುವ ಸಮಿತಿಗೂ ಆಪತ್ತಿಗಿಂತ ಮೊದಲೇ ಇರುವ ಸಮಿತಿಗೂ ಎಷ್ಟು ಅಂತರ ಎಂಬುದು ಈ ತಾರೀಕುಗಳಲ್ಲೇ ಇದೆ.

ಇಷ್ಟರಲ್ಲಿ ದೇಶದ ಮಟ್ಟದಲ್ಲಿ ಬದಲಾವಣೆ ಆರಂಭವಾಗಿತ್ತು. 1999ರ ಆಗಸ್ಟಿನಲ್ಲಿ ಕೇಂದ್ರ ಸರಕಾರ ಜೆ. ಸಿ. ಪಂತ್ ಅವರ ಅಧ್ಯಕ್ಷತೆಯಲ್ಲಿ ಉನ್ನತಾಧಿಕಾರ ಸಮಿತಿ ನೇಮಿಸಿತು. ಅದೇ ಅಕ್ಟೋಬರಿನಲ್ಲಿ ಒಡಿಶಾಕ್ಕೆ ಮಹಾ ಚಂಡಮಾರುತ ಬಡಿಯಿತು. 2001ರ ಜನವರಿ 26ರಂದು ಗುಜರಾತಿನಲ್ಲಿ ಭೂಕಂಪ. ಈ ಎರಡು ರಾಜ್ಯಗಳು ಕೇಂದ್ರದ ಕಾನೂನಿಗೆ ಕಾಯದೆ ತಮ್ಮದೇ ಪ್ರಾಧಿಕಾರ ಕಟ್ಟಿಕೊಂಡವು. 2004ರ ಡಿಸೆಂಬರ್ 26ರ ಸುನಾಮಿ ನಮ್ಮ ಕೊಲ್ಲಂ ಜಿಲ್ಲೆಯ ಆಲಪ್ಪಾಡಿಗೂ ಬಂತು. ಮರುವರ್ಷ ಪಾರ್ಲಿಮೆಂಟು ವಿಪತ್ತು ನಿರ್ವಹಣಾ ಕಾಯ್ದೆ, 2005ನ್ನು ಮಾಡಿತು.

ಈ ಕಾಯ್ದೆಯ ಏರ್ಪಾಡನ್ನು ಶಾಲಾ ಮಕ್ಕಳಿಗೂ ಹೇಳಿಕೊಡಬಹುದು. ರಾಜ್ಯಕ್ಕೆ ಒಂದು ಪ್ರಾಧಿಕಾರ, ಮುಖ್ಯಮಂತ್ರಿ ಅದರ ಅಧ್ಯಕ್ಷರು. ಅದರ ಕೆಲಸ ನಡೆಸಲು ಕಾರ್ಯಕಾರಿ ಸಮಿತಿ, ಅದಕ್ಕೆ ಮುಖ್ಯ ಕಾರ್ಯದರ್ಶಿ ಅಧ್ಯಕ್ಷರು. ಜಿಲ್ಲೆಗೆ ಒಂದು ಪ್ರಾಧಿಕಾರ, ಕಲೆಕ್ಟರ್ ಅಧ್ಯಕ್ಷರು, ಜಿಲ್ಲಾ ಪಂಚಾಯತು ಅಧ್ಯಕ್ಷರು ಸಹ ಅಧ್ಯಕ್ಷರು. ಪೊಲೀಸ್ ವರಿಷ್ಠಾಧಿಕಾರಿ, ಜಿಲ್ಲಾ ವೈದ್ಯಾಧಿಕಾರಿ ಮೊದಲಾದವರು ಸದಸ್ಯರು. ಅಧ್ಯಕ್ಷರನ್ನು ಬಿಟ್ಟು ಏಳಕ್ಕಿಂತ ಹೆಚ್ಚು ಸದಸ್ಯರು ಇರುವಂತಿಲ್ಲ.

ಸಲಹೆ ಕೇಳಲಿಕ್ಕೆ ಬೇರೆಯೇ ಬಾಗಿಲು ಇಟ್ಟಿದ್ದಾರೆ. ಕಾಯ್ದೆಯ 17ನೇ ಕಲಮಿನ ಪ್ರಕಾರ ರಾಜ್ಯ ಪ್ರಾಧಿಕಾರ ಅಗತ್ಯ ಕಂಡಾಗ ಸಲಹಾ ಸಮಿತಿ ರಚಿಸಬಹುದು. ಅದರಲ್ಲಿ ಆಪತ್ತಿನ ಕೆಲಸದಲ್ಲಿ ಪ್ರತ್ಯಕ್ಷ ಅನುಭವ ಇರುವ ತಜ್ಞರು ಇರಬೇಕು. 28ನೇ ಕಲಮಿನ ಪ್ರಕಾರ ಜಿಲ್ಲಾ ಪ್ರಾಧಿಕಾರವೂ ಒಂದೋ ಹೆಚ್ಚೋ ಸಲಹಾ ಸಮಿತಿಗಳನ್ನು ಮಾಡಬಹುದು. ಎರಡು ಶಬ್ದಗಳನ್ನು ಗಮನಿಸಿ. 'ಅನುಭವ' ಎಂಬ ಶಬ್ದ ನಮಗೆ ಅನುಕೂಲದ್ದು. 'ಬಹುದು' ಎಂಬ ಶಬ್ದ ಅನುಕೂಲದ್ದಲ್ಲ, ಯಾಕೆಂದರೆ ಬಹುದು ಎಂದರೆ ಮಾಡದೆಯೂ ಇರಬಹುದು.

ಕೇರಳದಲ್ಲಿ ರಾಜ್ಯ ಪ್ರಾಧಿಕಾರ ಬಂದದ್ದು 2007ರಲ್ಲಿ. ಅದಕ್ಕೆ ನಿಜವಾದ ಪರೀಕ್ಷೆ 2018ರ ಆಗಸ್ಟಿನ ನೆರೆ. ಆ ವರ್ಷ ಜೂನ್ 1ರಿಂದ ಆಗಸ್ಟ್ 19ರವರೆಗೆ ರಾಜ್ಯದಲ್ಲಿ ವಾಡಿಕೆಗಿಂತ ಶೇಕಡಾ 42 ಹೆಚ್ಚು ಮಳೆ ಬಿತ್ತು. 400ಕ್ಕಿಂತ ಹೆಚ್ಚು ಜನ ತೀರಿಹೋದರು. ಎಲ್ಲರಿಗಿಂತ ಮೊದಲು ನೀರಿಗಿಳಿದು ಸಾವಿರಾರು ಜನರನ್ನು ದಾಟಿಸಿದವರು ಮೀನುಗಾರರು. ದೋಣಿಗಳನ್ನು ಲಾರಿಗೇರಿಸಿಕೊಂಡು ಒಳನಾಡಿಗೆ ಹೋದರು. ಅವರಿಗೆ ಯಾವ ತರಬೇತಿ ಪುಸ್ತಕವೂ ಇರಲಿಲ್ಲ, ಇದ್ದದ್ದು ಕಾಯ್ದೆ ಹೇಳುವ ಆ ಪ್ರತ್ಯಕ್ಷ ಅನುಭವ.

ಆ ಪಾಠದಿಂದ ಸರಕಾರ ಕೆಲವು ಸಂಗತಿ ಕಲಿಯಿತು. 'ನಮ್ಮಳ್ ನಮುಕ್ಕಾಯಿ', ಅಂದರೆ ನಾವು ನಮಗಾಗಿ, ಎಂಬ ಹೆಸರಿನಲ್ಲಿ ಪ್ರತಿ ಪಂಚಾಯತೂ ತನ್ನದೇ ವಿಪತ್ತು ಯೋಜನೆ ಬರೆಯಬೇಕು ಎಂದಾಯಿತು. 2020ರಲ್ಲಿ ಸನ್ನದ್ಧ ಸೇನೆ ಎಂಬ ಸ್ವಯಂಸೇವಕರ ಪಡೆ ಬಂತು. ಕ್ಷಾಮ ಸಂಹಿತೆಯ ಕಾಲದಲ್ಲಿ ಮೇಲಿನಿಂದ ಕೆಳಗೆ ಇಳಿಯುತ್ತಿದ್ದ ಸಲಹೆ ಕೆಳಗಿನಿಂದ ಮೇಲೆ ಹೋಗಲು ಇಷ್ಟು ವರ್ಷ ಬೇಕಾಯಿತು.

ಆದರೆ 2020ರ ಮಾರ್ಚಿನಲ್ಲಿ ನಮಗೆ ಇನ್ನೊಂದು ಪಾಠ ಆಯಿತು. ಕೋವಿಡ್ ಬಂದಾಗ ದೇಶಕ್ಕೆ ಬೀಗ ಹಾಕಿದ್ದು ಇದೇ 2005ರ ಕಾಯ್ದೆಯ ಅಧಿಕಾರದಿಂದ. ಕೇರಳ ಸರಕಾರ ಡಾ. ಬಿ. ಇಕ್ಬಾಲ್ ಅವರ ನೇತೃತ್ವದಲ್ಲಿ ತಜ್ಞರ ಸಮಿತಿ ಮಾಡಿತ್ತು. ಬೀಗ ತೆಗೆಯುವುದು ಹೇಗೆ ಎಂದು ಹೇಳಲು ಕೆ. ಎಂ. ಅಬ್ರಹಾಂ ಅವರ ನೇತೃತ್ವದ 17 ಮಂದಿಯ ಇನ್ನೊಂದು ಸಮಿತಿಯೂ ಬಂತು. ಒಳ್ಳೆಯ ಸಮಿತಿಗಳೇ. ಅತ್ತ ಕರ್ನಾಟಕ ತನ್ನ ಜನರಿಗೆ ರೋಗ ಬಾರದಿರಲಿ ಎಂದು ತಲಪಾಡಿಯಲ್ಲಿ ಗಡಿ ಮುಚ್ಚಿತು. ಹಲವು ಒಳದಾರಿಗಳಿಗೆ ಮಣ್ಣು ಸುರಿದರು.

ಮಂಜೇಶ್ವರ, ಉಪ್ಪಳ, ಕುಂಬಳೆಯವರಿಗೆ ದೊಡ್ಡಾಸ್ಪತ್ರೆ ಎಂದರೆ ಮಂಗಳೂರು. ಡಯಾಲಿಸಿಸ್, ಹೆರಿಗೆ, ಹೃದಯದ ಕಾಯಿಲೆ, ಎಲ್ಲದಕ್ಕೂ ಅಲ್ಲಿಗೇ ಓಡುವುದು. ಮಂಜೇಶ್ವರದಿಂದ ಮಂಗಳೂರಿಗೆ 20 ಕಿಲೋಮೀಟರಿನ ಆಸುಪಾಸು, ರಾಜಧಾನಿ ತಿರುವನಂತಪುರಕ್ಕೆ 500 ಕಿಲೋಮೀಟರಿಗೂ ಹೆಚ್ಚು. ಊರಿನ ಯಾವ ಅಜ್ಜಿಯನ್ನು ಕೇಳಿದ್ದರೂ ಈ ಮಾತು ಹೇಳುತ್ತಿದ್ದರು. ಗಡಿಯಲ್ಲಿ ಆಂಬುಲೆನ್ಸ್ ನಿಂತು, ಚಿಕಿತ್ಸೆ ಸಿಗದೆ ಹಲವರು ತೀರಿಹೋದದ್ದನ್ನು ಆಗಿನ ಪತ್ರಿಕೆಗಳಲ್ಲಿ ನಾವೆಲ್ಲ ಓದಿದ್ದೇವೆ. ಏಪ್ರಿಲ್ 1ರಂದು ಕೇರಳ ಹೈಕೋರ್ಟು, ತುರ್ತು ಚಿಕಿತ್ಸೆಗೆ ಹೋಗುವವರಿಗೆ ದಾರಿ ಬಿಡಿಸಬೇಕೆಂದು ಕೇಂದ್ರಕ್ಕೆ ಹೇಳಿತು. ವಿಷಯ ಸುಪ್ರೀಂ ಕೋರ್ಟಿಗೂ ಹೋಯಿತು. ಏಪ್ರಿಲ್ 7ರಂದು, ಎರಡೂ ರಾಜ್ಯಗಳು ಒಂದು ಕ್ರಮಕ್ಕೆ ಒಪ್ಪಿವೆ ಎಂದು ಕೇಂದ್ರ ಅಲ್ಲಿ ತಿಳಿಸಿತು. ಅದೇ ದಿನಗಳಲ್ಲಿ ಉಕ್ಕಿನಡ್ಕದ ಮೆಡಿಕಲ್ ಕಾಲೇಜು ಕಟ್ಟಡವನ್ನು ತರಾತುರಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಿದರು. ಅದಕ್ಕೆ ಶಿಲಾನ್ಯಾಸ ಆದದ್ದು 2013ರಲ್ಲಿ.

ಇಲ್ಲಿ ಒಬ್ಬರನ್ನೇ ದೂರಿ ಪ್ರಯೋಜನ ಇಲ್ಲ. ಎರಡೂ ಕಡೆಯ ಪ್ರಾಧಿಕಾರಗಳು ತಂತಮ್ಮ ನಕ್ಷೆ ನೋಡಿ ಕೆಲಸ ಮಾಡಿದವು. ನಕ್ಷೆ ತಲಪಾಡಿಯಲ್ಲಿ ಮುಗಿಯುತ್ತದೆ, ನಮ್ಮ ಬದುಕು ಅಲ್ಲಿ ಮುಗಿಯುವುದಿಲ್ಲ. ಹೊಳೆಯ ಕತೆಯೂ ಹಾಗೆಯೇ. ಚಂದ್ರಗಿರಿ ಹೊಳೆ ಪಯಸ್ವಿನಿಯಾಗಿ ಕೊಡಗಿನಲ್ಲಿ ಹುಟ್ಟಿ, ಸುಳ್ಯ ದಾಟಿ ನಮ್ಮಲ್ಲಿಗೆ ಬರುತ್ತದೆ. 2018ರ ಆಗಸ್ಟಿನಲ್ಲಿ ಜೋಡುಪಾಲದಲ್ಲಿ ಗುಡ್ಡೆ ಜರಿದದ್ದು ಆ ಹೊಳೆಯ ಮೇಲಿನ ಭಾಗದಲ್ಲೇ. ಸುಳ್ಯದಲ್ಲಿ ನೀರು ಎಷ್ಟು ಏರಿದೆ ಎಂಬ ಸುದ್ದಿ ಮುಳಿಯಾರಿನವರಿಗೂ ಚೆಮ್ನಾಡಿನವರಿಗೂ ಯಾವ ಎಚ್ಚರಿಕೆಗಿಂತಲೂ ಬೆಲೆಯದ್ದು. ಗಡಿನಾಡಿನ ಜಿಲ್ಲೆಯ ಸಲಹಾ ಸಮಿತಿಯಲ್ಲಿ ಗಡಿಯ ಎರಡೂ ಬದಿ ಬಲ್ಲವರು ಕೂತಿರಬೇಕು.

ಇನ್ನೊಂದು ಮಾತು ಭಾಷೆಯದ್ದು. ಎಚ್ಚರಿಕೆಯನ್ನು ಜನರಿಗೆ ತಲುಪಿಸುವುದು ಜಿಲ್ಲಾ ಪ್ರಾಧಿಕಾರದ ಕರ್ತವ್ಯ ಎಂದು ಕಾಯ್ದೆಯ 30ನೇ ಕಲಮು ಹೇಳುತ್ತದೆ. ತಲುಪುವುದು ಎಂದರೆ ಅರ್ಥವಾಗುವುದು. ಕನ್ನಡ ಶಾಲೆಯಲ್ಲಿ ಓದಿದ ನಮ್ಮ ಎಷ್ಟೋ ಹಿರಿಯರು ಮಲಯಾಳ ಮಾತಾಡುತ್ತಾರೆ, ಓದಲಾರರು. ಕಿತ್ತಳೆ ಎಚ್ಚರಿಕೆ ಎಂದರೆ ದಿನವೊಂದಕ್ಕೆ 115.6 ಮಿಲಿಮೀಟರಿನಿಂದ 204.4 ಮಿಲಿಮೀಟರಿನವರೆಗೆ ಮಳೆ, ಕೆಂಪು ಎಂದರೆ ಅದಕ್ಕೂ ಹೆಚ್ಚು. ಇದನ್ನು ಕನ್ನಡದಲ್ಲಿ ಬರೆದು, ತುಳುವಿನಲ್ಲಿ, ಬ್ಯಾರಿಯಲ್ಲಿ ಬಾಯಿಮಾತಿನಲ್ಲಿ ಹೇಳಿದರೆ ಮಾತ್ರ ಹೊಳೆ ಬದಿಯ ಮನೆಗೆ ಮುಟ್ಟುತ್ತದೆ. ಸಪ್ತಭಾಷೆಗಳ ಊರು ಎಂದು ನಾವು ವೇದಿಕೆಯಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಆ ಮಾತು ಮಳೆಗಾಲದ ರಾತ್ರಿ ಮೈಕಿನಲ್ಲಿ ನಿಜವಾಗಬೇಕು.

ಹಾಗಾದರೆ ನಾವು ಮಾಡಬಹುದಾದದ್ದೇನು? ಕಾಯ್ದೆಯ 31ನೇ ಕಲಮಿನ ಪ್ರಕಾರ ಜಿಲ್ಲಾ ಯೋಜನೆಯನ್ನು ಪಂಚಾಯತು, ನಗರಸಭೆಗಳ ಅಭಿಪ್ರಾಯ ಕೇಳಿ ಮಾಡಬೇಕು, ವರ್ಷಕ್ಕೊಮ್ಮೆ ಪರಿಶೀಲಿಸಬೇಕು. ಇಲ್ಲಿ 'ಬಹುದು' ಇಲ್ಲ, 'ಬೇಕು' ಇದೆ. ನಮ್ಮ ಮಾತು ಒಳಹೋಗುವ ದಾರಿ ಇದೇ. ಗ್ರಾಮಸಭೆಯಲ್ಲಿ ನಮ್ಮ ಪಂಚಾಯತಿನ ವಿಪತ್ತು ಯೋಜನೆ ಎಲ್ಲಿದೆ, ಕನ್ನಡದಲ್ಲಿ ಇದೆಯೇ ಎಂದು ಕೇಳುವ. ಅದರಲ್ಲಿ ಹಾಸಿಗೆ ಹಿಡಿದವರ ಪಟ್ಟಿ, ಡಯಾಲಿಸಿಸ್ ಮಾಡಿಸುವವರ ಪಟ್ಟಿ, ಅವರು ಹೋಗುವ ಆಸ್ಪತ್ರೆ ಯಾವುದು ಎಂಬ ಮಾಹಿತಿ ಇದೆಯೇ ನೋಡುವ. ಗಡಿ ಮುಚ್ಚಿದರೆ ಯಾವ ದಾರಿ ಎಂದು ಈಗಲೇ ಬರೆಸುವ. ಮಾಸ್ತರರು ಮಕ್ಕಳನ್ನು ಕಟ್ಟಿಕೊಂಡು ಹಿರಿಯರ ಮನೆಗೆ ಹೋಗಿ, 1974ರಲ್ಲಿ ಎಲ್ಲಿಗೆ ನೀರು ಬಂದಿತ್ತು, 2018ರಲ್ಲಿ ಎಲ್ಲಿಗೆ ಎಂದು ಕೇಳಿ ಗುರುತು ಹಾಕಿಸಬಹುದು. ಆ ಲೆಕ್ಕದ ಒಂದು ಪ್ರತಿ ನಮ್ಮ ವಾಚನಾಲಯದಲ್ಲಿ, ಇನ್ನೊಂದು ಪಂಚಾಯತಿನಲ್ಲಿ ಇರಲಿ. ಜಿಲ್ಲೆಯ ಕಂಟ್ರೋಲ್ ರೂಮಿನ ನಂಬ್ರ 1077 ಎಂಬುದನ್ನು ಗೋಡೆಯ ಮೇಲೆ ಕನ್ನಡದಲ್ಲೇ ಬರೆಯುವ.

ದೊಡ್ಡ ಬೊಳ್ಳವನ್ನು ಕಣ್ಣಾರೆ ಕಂಡವರು ಈಗ ಯಾರೂ ಉಳಿದಿಲ್ಲ. ಅವರು ಹೇಳಿದ್ದನ್ನು ಕೇಳಿದವರು ಇನ್ನೂ ನಮ್ಮ ಚಾವಡಿಗಳಲ್ಲಿ ಇದ್ದಾರೆ. ಸಮಿತಿಯವರು ಬಂದು ಕೇಳುವವರೆಗೆ ಕಾಯದೆ, ಈ ಆಟಿ ತಿಂಗಳಿಗೆ ಮೊದಲು ನಾವೇ ಹೋಗಿ ಕೇಳಿ ಬರೆದಿಡುವ.