ಯಾರು ಯಾವ ಲೇನಿನಲ್ಲಿ ಹೋಗಬೇಕು? ದುಬೈ–ಶಾರ್ಜಾ ಹೆದ್ದಾರಿಯ ದಟ್ಟಣೆ ಮತ್ತು ಹೊಸ ಲೇನ್ ನಿಯಮಗಳು

ಮನೆ ಶಾರ್ಜಾ ಅಥವಾ ಅಜ್ಮಾನ್‌ನಲ್ಲಿ, ಕೆಲಸ ದುಬೈನಲ್ಲಿ. ಯುಎಇಯಲ್ಲಿರುವ ನಮ್ಮ ಎಷ್ಟೋ ಕುಟುಂಬಗಳ ದಿನಚರಿ ಇದು. ಬಾಡಿಗೆಯಲ್ಲಿ ಉಳಿಸಿದ್ದನ್ನು ರಸ್ತೆಯಲ್ಲಿ ಸಮಯವಾಗಿ ಕಟ್ಟುತ್ತೇವೆ. ಬೆಳಗ್ಗೆ ದುಬೈ ಕಡೆಗೆ, ಸಂಜೆ ಶಾರ್ಜಾ ಕಡೆಗೆ ಇ11 ಅಂದರೆ ಅಲ್ ಇತ್ತಿಹಾದ್ ರಸ್ತೆ, ಇ311 ಅಂದರೆ ಶೇಖ್ ಮೊಹಮ್ಮದ್ ಬಿನ್ ಝಾಯೆದ್ ರಸ್ತೆ, ಇ611 ಅಂದರೆ ಎಮಿರೇಟ್ಸ್ ರಸ್ತೆ, ಮೂರೂ ತುಂಬಿರುತ್ತವೆ.

ರಸ್ತೆ ಅಗಲ ಮಾಡೋದಕ್ಕೆ ವರ್ಷಗಟ್ಟಲೆ ಬೇಕು. ಇರುವ ಲೇನ್‌ಗಳನ್ನೇ ಬೇರೆ ರೀತಿ ಹಂಚಿದರೆ ಸ್ವಲ್ಪವಾದರೂ ಸಲೀಸಾಗುತ್ತದೆ ಅನ್ನೋದು ಇತ್ತೀಚಿನ ಹಲವು ನಿಯಮಗಳ ಹಿಂದಿನ ಯೋಚನೆ. ಆದರೆ ಈ ನಿಯಮ ಗೊತ್ತಿಲ್ಲದೆ ದಂಡ ಕಟ್ಟುವವರಲ್ಲಿ ಡೆಲಿವರಿ ಬೈಕ್ ಓಡಿಸುವ ಹುಡುಗರು, ಟ್ರಕ್ ಮತ್ತು ಕಂಪನಿ ಬಸ್ ಚಾಲಕರೇ ಮುಂದೆ ಇರುತ್ತಾರೆ. ಆದ್ದರಿಂದ ವಿಷಯವನ್ನು ಒಂದೇ ಕಡೆ ಕೊಡಲಾಗಿದೆ.

ಒಂದು ಲೇನಿನ ಲೆಕ್ಕ

ಒಂದು ಗಂಟೆಗೆ 3,600 ಸೆಕೆಂಡ್. ಮುಂದಿನ ಗಾಡಿಗೂ ನಮಗೂ 2 ಸೆಕೆಂಡ್ ಅಂತರ ಇದ್ದರೆ ಒಂದು ಲೇನಿನಲ್ಲಿ ಗಂಟೆಗೆ 1,800 ಗಾಡಿ ದಾಟಬಹುದು. ಎಮಿರೇಟ್ಸ್ ರಸ್ತೆಯ ವಿಸ್ತರಣೆಯ ಲೆಕ್ಕವೂ ಇದಕ್ಕೆ ಸರಿಯಾಗಿ ಹೊಂದುತ್ತದೆ. ಶಾರ್ಜಾದ ಅಲ್ ಬದೀ ಇಂಟರ್‌ಚೇಂಜ್‌ನಿಂದ ಉಮ್ ಅಲ್ ಕ್ವೈನ್‌ವರೆಗೆ 25 ಕಿ.ಮೀ. ಉದ್ದಕ್ಕೂ ಪ್ರತಿ ದಿಕ್ಕಿನಲ್ಲಿ 3 ಲೇನ್‌ಗಳನ್ನು 5 ಮಾಡುವ ಯೋಜನೆ ಅದು. ವೆಚ್ಚ 75 ಕೋಟಿ ದಿರ್ಹಂ, ಅವಧಿ ಎರಡು ವರ್ಷ, ಕೆಲಸ ಶುರುವಾಗಿದ್ದು 2025ರ ಸೆಪ್ಟೆಂಬರ್‌ನಲ್ಲಿ. ಮುಗಿದ ಮೇಲೆ ಗಂಟೆಗೆ ಸುಮಾರು 9,000 ವಾಹನಗಳ ಸಾಮರ್ಥ್ಯ ಎಂದು ಸಚಿವಾಲಯ ಹೇಳಿದೆ. ಐದರಿಂದ ಭಾಗಿಸಿ ನೋಡಿ, ಲೇನಿಗೆ 1,800.

ಈ 1,800 ಅನ್ನೋದು ಎಲ್ಲರೂ ಒಂದೇ ವೇಗದಲ್ಲಿ, ಅಂತರ ಬಿಟ್ಟು ಹೋದಾಗ ಸಿಗುವ ಸಂಖ್ಯೆ. ನಿಂತ ಟ್ರಕ್ ಮತ್ತೆ ವೇಗ ಹಿಡಿಯುವಷ್ಟರಲ್ಲಿ ಮುಂದೆ ಐದಾರು ಕಾರು ಹಿಡಿಯುವಷ್ಟು ಜಾಗ ಖಾಲಿ ಬಿದ್ದಿರುತ್ತದೆ. ಒಬ್ಬ ಎರಡು ಲೇನ್ ದಾಟಿ ಎಕ್ಸಿಟ್‌ಗೆ ನುಗ್ಗಿದರೆ ಹಿಂದಿನವನು ಬ್ರೇಕ್ ಒತ್ತುತ್ತಾನೆ, ಅವನ ಹಿಂದಿನವನು ಇನ್ನೂ ಜೋರಾಗಿ ಒತ್ತುತ್ತಾನೆ. ಜಪಾನ್‌ನ ಸಂಶೋಧಕರು 230 ಮೀಟರ್ ಸುತ್ತಳತೆಯ ವೃತ್ತದಲ್ಲಿ 22 ಕಾರುಗಳನ್ನು ಒಂದೇ ವೇಗದಲ್ಲಿ ಓಡಿಸಲು ಹೇಳಿ ಪರೀಕ್ಷೆ ಮಾಡಿದ್ದರು. ಅಪಘಾತ ಇಲ್ಲ, ಸಿಗ್ನಲ್ ಇಲ್ಲ, ಆದರೂ ಸ್ವಲ್ಪ ಹೊತ್ತಿಗೆ ಜಾಮ್ ಹುಟ್ಟಿ ಅಲೆಯಂತೆ ಹಿಂದಕ್ಕೆ ಸಾಗಿತು. 2008ರಲ್ಲಿ ಪ್ರಕಟವಾದ ಈ ಅಧ್ಯಯನ "ಮುಂದೆ ಏನೂ ಆಗಿಲ್ಲ, ಮತ್ಯಾಕೆ ನಿಂತೆವು?" ಎಂಬ ನಮ್ಮ ದಿನನಿತ್ಯದ ಪ್ರಶ್ನೆಗೆ ಉತ್ತರ.

ಹಾಗಾಗಿ ನಿಧಾನದ ಗಾಡಿಗಳನ್ನು ಒಂದು ಕಡೆ, ವೇಗದವನ್ನು ಇನ್ನೊಂದು ಕಡೆ ಇಟ್ಟು ಲೇನ್ ಬದಲಾವಣೆ ಕಡಿಮೆ ಮಾಡಿದರೆ ಅದೇ ರಸ್ತೆಯಲ್ಲಿ ಹೆಚ್ಚು ಗಾಡಿ ಸಾಗುತ್ತದೆ.

ಹೊಸದಾಗಿ ಬಂದವರು ಗಮನಿಸಿ

ನಮ್ಮೂರಲ್ಲಿ ಗಾಡಿ ಓಡೋದು ರಸ್ತೆಯ ಎಡಭಾಗದಲ್ಲಿ, ನಿಧಾನ ಹೋಗುವವರು ಎಡಕ್ಕೆ. ಇಲ್ಲಿ ತದ್ವಿರುದ್ಧ. ಎಡತುದಿ ವೇಗದ ಲೇನ್, ಬಲತುದಿ ನಿಧಾನದ್ದು. ಲೇನ್ ಎಣಿಸೋದೂ ಎಡದಿಂದಲೇ. ಊರಿನ ಅಭ್ಯಾಸದಲ್ಲಿ "ಪಕ್ಕಕ್ಕೆ ಇರೋಣ" ಅಂತ ಎಡಕ್ಕೆ ಸರಿದರೆ ವೇಗದ ಲೇನಿನ ಮಧ್ಯೆ ಸಿಕ್ಕಿಕೊಳ್ಳುತ್ತೀರಿ.

ಈಗಿರುವ ಮುಖ್ಯ ನಿಯಮಗಳು

ಶಾರ್ಜಾ: 2025ರ ನವೆಂಬರ್ 1ರಿಂದ ಬಲತುದಿಯ ಲೇನ್ ಭಾರೀ ವಾಹನ ಮತ್ತು ಬಸ್‌ಗಳಿಗೆ. ಮೋಟಾರ್‌ಬೈಕ್‌ಗಳು ನಾಲ್ಕು ಲೇನ್ ರಸ್ತೆಯಲ್ಲಿ ಎಡದಿಂದ 3 ಮತ್ತು 4ನೇ ಲೇನ್, ಮೂರು ಲೇನ್ ರಸ್ತೆಯಲ್ಲಿ ಮಧ್ಯದ ಅಥವಾ ಬಲದ ಲೇನ್, ಎರಡು ಲೇನ್ ರಸ್ತೆಯಲ್ಲಿ ಬಲದ ಲೇನ್ ಮಾತ್ರ ಬಳಸಬೇಕು. ಭಾರೀ ವಾಹನ ತನ್ನ ಲೇನ್ ಬಿಟ್ಟರೆ 1,500 ದಿರ್ಹಂ ದಂಡ ಮತ್ತು 12 ಬ್ಲ್ಯಾಕ್ ಪಾಯಿಂಟ್. ಸೂಚನಾ ಫಲಕ ಪಾಲಿಸದಿದ್ದರೆ 500 ದಿರ್ಹಂ.

ದುಬೈ: ಅದೇ ನವೆಂಬರ್ 1ರಿಂದ ಡೆಲಿವರಿ ಬೈಕ್‌ಗಳಿಗೆ ವೇಗದ ಲೇನ್ ನಿಷೇಧ. ಐದು ಅಥವಾ ಹೆಚ್ಚು ಲೇನ್ ಇರುವ ರಸ್ತೆಯಲ್ಲಿ ಎಡದ ಎರಡು ಲೇನ್, ಮೂರು–ನಾಲ್ಕು ಲೇನ್ ರಸ್ತೆಯಲ್ಲಿ ಎಡದ ಒಂದು ಲೇನ್ ಬಳಸುವಂತಿಲ್ಲ. ಎರಡು ಲೇನ್ ರಸ್ತೆಯಲ್ಲಿ ನಿರ್ಬಂಧ ಇಲ್ಲ. ಮೊದಲ ಸಲ 500, ಎರಡನೇ ಸಲ 700 ದಿರ್ಹಂ, ಮೂರನೇ ಸಲ ಪರ್ಮಿಟ್ ಅಮಾನತು. ಬಸ್–ಟ್ಯಾಕ್ಸಿಗೆ ಮೀಸಲಾದ ಲೇನಿಗೆ ಖಾಸಗಿ ಕಾರು ನುಗ್ಗಿದರೆ 600 ದಿರ್ಹಂ.

ಟ್ರಕ್‌ಗಳು: ಎಮಿರೇಟ್ಸ್ ರಸ್ತೆಯಲ್ಲಿ ಅಲ್ ಅವೀರ್ ಸ್ಟ್ರೀಟ್ ಮತ್ತು ಶಾರ್ಜಾ ನಡುವೆ 2025ರ ಜನವರಿ 1ರಿಂದ ಸಂಜೆ 5.30ರಿಂದ 8ರವರೆಗೆ ಪ್ರವೇಶ ಇಲ್ಲ.

ಎಲ್ಲ ಚಾಲಕರಿಗೆ: ಲೇನ್ ಶಿಸ್ತು ಪಾಲಿಸದಿದ್ದರೆ 400 ದಿರ್ಹಂ. ಮುಂದಿನ ಗಾಡಿಗೆ ಅಂಟಿಕೊಂಡು ಹೋದರೆ 400 ದಿರ್ಹಂ ಮತ್ತು 4 ಪಾಯಿಂಟ್. ದಿಢೀರ್ ಲೇನ್ ತಿರುಗಿಸಿದರೆ 1,000 ದಿರ್ಹಂ ಮತ್ತು 4 ಪಾಯಿಂಟ್. ಹಾರ್ಡ್ ಶೋಲ್ಡರ್ ಮೇಲಿಂದ ಓವರ್‌ಟೇಕ್ ಮಾಡಿದರೆ 1,000 ದಿರ್ಹಂ ಮತ್ತು 6 ಪಾಯಿಂಟ್.

ಪಾಯಿಂಟ್‌ಗಳು 24 ಆದರೆ ಲೈಸೆನ್ಸ್ ಅಮಾನತಾಗುತ್ತದೆ. ಅಂದರೆ ಟ್ರಕ್ ಚಾಲಕ ಶಾರ್ಜಾದಲ್ಲಿ ಎರಡು ಸಲ ಲೇನ್ ತಪ್ಪಿದರೆ ಸಾಕು, ಕೆಲಸಕ್ಕೇ ಕುತ್ತು.

ಎಲ್ಲ ಪ್ರಯೋಗವೂ ನಿಲ್ಲೋದಿಲ್ಲ

ಅಬುಧಾಬಿಯಲ್ಲಿ ಶೇಖ್ ಮೊಹಮ್ಮದ್ ಬಿನ್ ರಶೀದ್ ರಸ್ತೆಯ ಎಡದ ಎರಡು ಲೇನ್‌ಗಳಲ್ಲಿ 2023ರ ಏಪ್ರಿಲ್‌ನಿಂದ ಗಂಟೆಗೆ ಕನಿಷ್ಠ 120 ಕಿ.ಮೀ. ವೇಗ ಕಡ್ಡಾಯವಾಗಿತ್ತು, ನಿಧಾನ ಹೋದರೆ 400 ದಿರ್ಹಂ ದಂಡ. ಎರಡು ವರ್ಷದ ಬಳಿಕ, 2025ರ ಏಪ್ರಿಲ್‌ನಲ್ಲಿ ಅದನ್ನು ತೆಗೆದರು. ಹಳೆಯ ಸುದ್ದಿ ನೋಡಿ ಈಗಲೂ "ಅಲ್ಲಿ 120ಕ್ಕಿಂತ ಕಡಿಮೆ ಹೋಗಬಾರದು" ಅನ್ನುವವರಿದ್ದಾರೆ, ನಂಬಬೇಡಿ.

ಬೇರೆ ದೇಶಗಳಲ್ಲೂ ಹೀಗೆಯೇ. ಇಂಗ್ಲೆಂಡಿನ ಎಂ42 ಮೋಟಾರ್‌ವೇಯಲ್ಲಿ 2006ರಿಂದ ದಟ್ಟಣೆ ಸಮಯದಲ್ಲಿ ಹಾರ್ಡ್ ಶೋಲ್ಡರನ್ನೇ ಲೇನ್ ಆಗಿ ತೆರೆದರು. ಮುಂದೆ ಇದೇ ದಾರಿಯಲ್ಲಿ ಬಂದ ಸ್ಮಾರ್ಟ್ ಮೋಟಾರ್‌ವೇಗಳಲ್ಲಿ ಕೆಟ್ಟು ನಿಂತ ಗಾಡಿಗಳ ಸುರಕ್ಷತೆಯ ಪ್ರಶ್ನೆ ಎದ್ದು, 2023ರಲ್ಲಿ ಸರಕಾರ ಹೊಸ ಯೋಜನೆಗಳನ್ನು ಕೈಬಿಟ್ಟಿತು. ಸಿಡ್ನಿ ಹಾರ್ಬರ್ ಸೇತುವೆ ಮತ್ತು ಸ್ಯಾನ್ ಫ್ರಾನ್ಸಿಸ್ಕೋದ ಗೋಲ್ಡನ್ ಗೇಟ್ ಸೇತುವೆಯಲ್ಲಿ ಹೊತ್ತಿಗೆ ತಕ್ಕಂತೆ ಲೇನ್‌ಗಳ ದಿಕ್ಕನ್ನೇ ಬದಲಿಸುತ್ತಾರೆ. ಗೋಲ್ಡನ್ ಗೇಟ್‌ನಲ್ಲಿ 2015ರಿಂದ ಯಂತ್ರವೊಂದು ನಡುವಿನ ತಡೆಗೋಡೆಯನ್ನೇ ಸರಿಸುತ್ತದೆ. ಆದರೆ ಎದುರು ದಿಕ್ಕಿನಲ್ಲಿ ಗಾಡಿ ಕಡಿಮೆ ಇದ್ದಾಗ ಮಾತ್ರ ಇದು ಉಪಯೋಗ.

ಊರಿಗೆ ರಜೆಗೆ ಹೋಗುವವರಿಗೂ ಒಂದು ಮಾತು. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಗೆ 2023ರ ಆಗಸ್ಟ್ 1ರಿಂದ ಬೈಕ್, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ವೇಗದ ವ್ಯತ್ಯಾಸ ಇರುವ ಗಾಡಿಗಳನ್ನು ಬೇರೆ ಮಾಡುವ ಅದೇ ತತ್ವ.

ಹೊರೆ ಯಾರ ಮೇಲೆ?

ಈ ನಿಯಮಗಳಿಂದ ಕಾರಿನವರಿಗೆ ಹತ್ತು ನಿಮಿಷ ಉಳಿಯಬಹುದು. ಬೈಕಿನವನಿಗೆ ಮಾತ್ರ ಟ್ರಕ್, ಬಸ್‌ಗಳ ಪಕ್ಕದಲ್ಲೇ, ಎಕ್ಸಿಟ್‌ಗೆ ಸರಿಯುವ ಕಾರುಗಳ ನಡುವೆ ಓಡಿಸುವ ಪರಿಸ್ಥಿತಿ. ಟ್ರಿಪ್ ಲೆಕ್ಕದಲ್ಲಿ ದುಡಿಯುವ ಟ್ರಕ್ ಚಾಲಕನಿಗೆ ಸಂಜೆಯ ಎರಡೂವರೆ ಗಂಟೆ ಸುಮ್ಮನೆ ಹೋಗುತ್ತದೆ. ವೇಗದ ಲೇನಿನಿಂದ ಬೈಕ್ ತೆಗೆದದ್ದು ಜೀವ ಉಳಿಸುವ ಕೆಲಸವೇ, ಅನುಮಾನ ಇಲ್ಲ. ಆದರೆ ಡೆಲಿವರಿ ಸಮಯವನ್ನು ಕಂಪನಿಗಳೂ, ಆರ್ಡರ್ ಮಾಡುವ ನಾವೂ ಸ್ವಲ್ಪ ಸಡಿಲಿಸದಿದ್ದರೆ ಹುಡುಗರು ಮತ್ತೆ ಎಡಕ್ಕೆ ನುಗ್ಗುತ್ತಾರೆ.

ನಾವು ಮಾಡಬಹುದಾದ್ದು

ಹೊರಡುವ ಸಮಯ ಬದಲಿಸಿ. ದುಬೈನ ಸಾಲಿಕ್ ಟೋಲ್ 2025ರ ಜನವರಿ 31ರಿಂದ ಬೆಳಗ್ಗೆ 6–10 ಮತ್ತು ಸಂಜೆ 4–8ಕ್ಕೆ 6 ದಿರ್ಹಂ, ಉಳಿದ ಹೊತ್ತು 4, ರಾತ್ರಿ 1ರಿಂದ 6 ಉಚಿತ. ಭಾನುವಾರ ಸಾಮಾನ್ಯವಾಗಿ 4. ದಿನಕ್ಕೆ ಹೋಗುವಾಗ ಎರಡು, ಬರುವಾಗ ಎರಡು ಗೇಟ್ ಅಂದರೆ 22 ದಿನಕ್ಕೆ ದಟ್ಟಣೆ ಹೊತ್ತಿನಲ್ಲಿ 528 ದಿರ್ಹಂ, ಇಲ್ಲದಿದ್ದರೆ 352. ತಿಂಗಳಿಗೆ 176 ಉಳಿತಾಯ.

ಕಾರು ಹಂಚಿಕೊಳ್ಳುವುದಾದರೆ ಸಹೋದ್ಯೋಗಿಗಳೊಡನೆ ಮಾತ್ರ. ಹಣ ಪಡೆದು ಅಪರಿಚಿತರನ್ನು ಹತ್ತಿಸಿಕೊಳ್ಳೋದು ಇಲ್ಲಿ ಅಪರಾಧ. ಬಸ್ ಸಿಕ್ಕರೆ ಇನ್ನೂ ಒಳ್ಳೆಯದು. 50 ಮಂದಿಯ ಒಂದು ಬಸ್ 50 ಒಂಟಿ ಕಾರುಗಳ ಜಾಗ ಉಳಿಸುತ್ತದೆ.

ಎರಡು ಲೇನ್ ಒಂದಾಗುವ ಕಡೆ ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು, ಜಿಪ್ ಹಾಕಿದ ಹಾಗೆ ಸೇರಿಕೊಳ್ಳಿ. ಜರ್ಮನಿಯಲ್ಲಿ ಇದು ಸಂಚಾರ ನಿಯಮದಲ್ಲೇ ಇದೆ. ಎಕ್ಸಿಟ್ ಬೇಕಿದ್ದರೆ ಒಂದೆರಡು ಕಿಲೋಮೀಟರ್ ಮುಂಚೆಯೇ ಬಲಕ್ಕೆ ಸರಿಯಿರಿ. ತಪ್ಪಿಹೋದರೆ ಮುಂದಿನ ಎಕ್ಸಿಟ್ ಹಿಡಿಯಿರಿ, ಐದು ನಿಮಿಷದ ನಷ್ಟ ಅಷ್ಟೇ.

ಚಾಲಕನಾಗಿ ಕೆಲಸಕ್ಕೆ ಸೇರುವವರು ಲೇನ್ ದಂಡ ಬಂದರೆ ಯಾರು ಕಟ್ಟಬೇಕು ಅಂತ ಮೊದಲೇ ಕೇಳಿ, ಬರಹದಲ್ಲಿ ಪಡೆಯಿರಿ. ಒಂದು ಎಮಿರೇಟ್‌ನ ನಿಯಮ ಇನ್ನೊಂದರಲ್ಲಿ ಇರೋದಿಲ್ಲ. ಗಡಿ ದಾಟಿದ ಕೂಡಲೇ ಫಲಕ ನೋಡಿ ಲೇನ್ ಸರಿಮಾಡಿಕೊಳ್ಳುವುದು ದಿನಾ ಓಡಾಡುವವರ ಅಭ್ಯಾಸವಾಗಲಿ.